ಕೋಟಣ್ಣನ ಅಳತೆ

ಬೇಸಿಗೆ ಮುಗಿಯುತ್ತ ಬಂದಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ. ಬೆಳಿಗ್ಗೆ ಏಳೂವರೆ. ನೆಲಮಹಡಿಯ ದರ್ಜಿಯ ನಾಯಿ ಮೆಟ್ಟಿಲ ಬುಡದಲ್ಲಿ ಮಲಗಿತ್ತು. ಇಡೀ ಕಟ್ಟಡದಲ್ಲಿ ಆ ಹೊತ್ತಿಗೆ ನೆಲ ತಣ್ಣಗಿದ್ದದ್ದು ಅಲ್ಲಿ ಮಾತ್ರ. ಎರಡನೇ ಮಹಡಿಯ ಹೆಂಗಸು ಅಂಗಡಿಯಿಂದ ಮೂವತ್ತು ಮೊಟ್ಟೆಯ ಟ್ರೇ ಹಿಡಿದುಕೊಂಡು ಒಳಗೆ ಬಂದಳು. ನಾಯಿ ತಲೆಯೆತ್ತಿ ಅವಳನ್ನು ನೋಡಿತು. ಆಮೇಲೆ ಆಕಳಿಸಿತು.

ಆದದ್ದು ಅಷ್ಟೇ.

ಆದರೆ ಆ ನಾಯಿಯ ಬಾಯಿ ಸಣ್ಣ ಬಾಯಲ್ಲ. ಮುಚ್ಚಿದ್ದರೆ ಅದೂ ಒಂದು ಮುಖ. ತೆರೆದರೆ ಹಳೇ ಟ್ರಂಕಿನ ಮುಚ್ಚಳ ಎತ್ತಿದ ಹಾಗೆ, ಒಳಗೆ ಇನ್ನೂ ಏನೇನು ತುಂಬಿಟ್ಟಿದೆಯೋ ಅನ್ನಿಸಬೇಕು. ಹೆಂಗಸು ಕಿರುಚಿದಳು. ಕಟ್ಟಡದವರು ಅವಳನ್ನು ಹಿಂದಿನಿಂದ ಸೈರನ್ ಅಕ್ಕ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ನಾಲ್ಕನೇ ಮಹಡಿಯಲ್ಲಿ ಗಡ್ಡ ಕೆರೆಯುತ್ತಿದ್ದವರೊಬ್ಬರು ಗಲ್ಲ ಕೊಯ್ದುಕೊಂಡರು. ಮೂವತ್ತು ಮೊಟ್ಟೆಗಳೂ ಮೆಟ್ಟಿಲಿಗೆ ಬಿದ್ದವು. ನಾಯಿ ಎದ್ದು, ಮೈ ಮುರಿದು, ಮೊದಲ ಮೆಟ್ಟಿಲಿನಿಂದ ಶುರುಮಾಡಿ ಒಂದೊಂದನ್ನೇ ನೆಕ್ಕುತ್ತ ಮೇಲಕ್ಕೆ ಹತ್ತಿತು.

ದರ್ಜಿ ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ ಹೊರಗೆ ಓಡಿಬಂದ.

ಆ ನಾಯಿ ಅವನು ತಂದದ್ದಲ್ಲ. ಎಂಟು ತಿಂಗಳ ಹಿಂದೆ ಒಬ್ಬ ಅಪರಿಚಿತ ಕೋಟು ಹೊಲಿಸಲು ಬಂದಿದ್ದ. ಅಳತೆ ಕೊಟ್ಟು, ಜೊತೆಗಿದ್ದ ನಾಯಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಐದು ನಿಮಿಷದಲ್ಲಿ ಬಂದೆ ಎಂದು ಹೋದವನು ಮತ್ತೆ ಬರಲಿಲ್ಲ. ಹೊಲಿದ ಕೋಟು ಗೂಟಕ್ಕೆ ನೇತುಬಿತ್ತು, ನಾಯಿ ಹೊಲಿಗೆ ಮಿಷನ್ನಿನ ಕೆಳಗೆ ಜಾಗ ಹಿಡಿಯಿತು. ಮೊದಲ ವಾರ ದರ್ಜಿಯ ಹೆಂಡತಿ, "ಇದನ್ನ ಎಲ್ಲಾದರೂ ಬಿಟ್ಟು ಬನ್ನಿ," ಎಂದಳು. ಎರಡನೇ ವಾರ, "ಹಾಲಿಗೆ ಬ್ರೆಡ್ ಹಾಕಿದ್ರೆ ತಿನ್ನುತ್ತೆ ನೋಡಿ," ಎಂದಳು. ಮೂರನೇ ವಾರದಿಂದ ಅದರ ಹೆಸರು ಕೋಟಣ್ಣ. ಮಕ್ಕಳಿಲ್ಲದ ಆ ಮನೆಯಲ್ಲಿ ಊಟಕ್ಕೆ ಕೂತರೆ ಈಗ ಮೂರು ತಟ್ಟೆ.

ಮೆಟ್ಟಿಲ ಬಳಿ ಅಷ್ಟರಲ್ಲಿ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಅವರಿಗೆ ಗೊತ್ತಿಲ್ಲದ ವಿಷಯ ಇರಲಿಲ್ಲ. ಒಂದನ್ನೂ ಅರ್ಧಕ್ಕಿಂತ ಹೆಚ್ಚು ತಿಳಿದುಕೊಳ್ಳುವ ತೊಂದರೆಯನ್ನೂ ಅವರು ತೆಗೆದುಕೊಂಡವರಲ್ಲ.

"ಇದು ಪಿಟ್ ಬುಲ್," ಎಂದರು ಮೇಷ್ಟ್ರು. "ತಲೆ ನೋಡಿ, ಎದೆ ನೋಡಿ. ಒಂದು ಸಲ ಕಚ್ಚಿದ್ರೆ ದವಡೆ ಬೀಗ ಹಾಕಿದ ಹಾಗೆ."

"ಅದು ಕಚ್ಚೋದಲ್ಲ ಮೇಷ್ಟ್ರೇ, ನೆಕ್ತಾ ಇದೆ," ಎಂದ ದರ್ಜಿ, ಪಿನ್ನುಗಳನ್ನು ಕೈಗೆ ತೆಗೆದುಕೊಂಡು.

"ಮೊದಲು ರುಚಿ ನೋಡುತ್ತೆ. ಆಮೇಲೆ."

ಕಟ್ಟಡದ ಸಂಘದ ಕಾರ್ಯದರ್ಶಿಗಳನ್ನು ಕರೆಸಿದರು. ಅವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದು ನಿವೃತ್ತರಾದವರು. ಯಾವುದೇ ಸಂಗತಿ ಬರವಣಿಗೆಯಲ್ಲಿ ಬಂದರೆ ಮಾತ್ರ ನಡೆದಂತೆ, ಇಲ್ಲದಿದ್ದರೆ ನಡೆದೇ ಇಲ್ಲ, ಇದು ಅವರ ನಂಬಿಕೆ. ಕಟ್ಟಡದ ಸಂಘಕ್ಕೆ ಇಪ್ಪತ್ತೆರಡು ನಿಯಮಗಳಿದ್ದವು. ಮೂರನೇ ಮಹಡಿಯವರು ನಿಯಮ ಮೀರಿ ಬಾಲ್ಕನಿಗೆ ಗಾಜು ಹಾಕಿಸಿದರು, ಯಾರೂ ಬರೆದುಕೊಡಲಿಲ್ಲ, ಕಾರ್ಯದರ್ಶಿಗಳಿಗೆ ಗಾಜು ಕಾಣಲಿಲ್ಲ. ಮೇಷ್ಟ್ರು ತಮ್ಮ ಕಾರನ್ನು ದಿನಾ ಗೇಟಿಗೆ ಅಡ್ಡ ನಿಲ್ಲಿಸಿದರು, ಯಾರೂ ಬರೆದುಕೊಡಲಿಲ್ಲ, ಕಾರ್ಯದರ್ಶಿಗಳು ಓರೆಯಾಗಿ ನುಸುಳಿ ಆಚೆ ಹೋದರು. ಅವರದೇ ಪ್ಯಾಂಟಿನ ಸೊಂಟವನ್ನು ವರ್ಷಕ್ಕೆ ಎರಡು ಸಲ ಸಡಿಲಿಸುತ್ತಿದ್ದವನು ದರ್ಜಿ. ಅದನ್ನೂ ಯಾರೂ ಬರೆದಿರಲಿಲ್ಲ. ಹೀಗೆ ಎಲ್ಲರೂ ಚೆನ್ನಾಗಿದ್ದರು.

ಆದರೆ ಅವತ್ತು ಸೈರನ್ ಅಕ್ಕ ಮೊಟ್ಟೆಯಂಗಡಿಯ ಚೀಟಿಯ ಹಿಂದೆ ನಾಲ್ಕು ಸಾಲು ಬರೆದುಕೊಟ್ಟುಬಿಟ್ಟಳು. ಕಾರ್ಯದರ್ಶಿಗಳು ಅದನ್ನು ಎರಡು ಸಲ ಓದಿ, ಮೇಲೆ ತಾರೀಕು ಹಾಕಿ, ಜೇಬಿಗಿಟ್ಟುಕೊಂಡರು.

"ನಿಯಮ ಹತ್ತೊಂಬತ್ತು," ಎಂದರು. "ಪಿಟ್ ಬುಲ್ ಮತ್ತು ಆ ಥರದ ಅಪಾಯದ ನಾಯಿಗಳನ್ನ ಕಟ್ಟಡದಲ್ಲಿ ಇಡೋ ಹಾಗಿಲ್ಲ. ಸಂಜೆ ಆರಕ್ಕೆ ಸಭೆ ಕರೀತೀನಿ. ಇದು ಯಾವ ಜಾತಿ, ಗುಣ ಎಂಥದು, ಬರವಣಿಗೆಯಲ್ಲಿ ತನ್ನಿ. ತರದಿದ್ರೆ ನಾಳೆ ಬೆಳಿಗ್ಗೆ ನಾಯಿ ಹಿಡಿಯೋ ವ್ಯಾನು."

"ಸಾರ್, ನಿಮ್ಮ ಮಡಿಲಲ್ಲೇ ತಲೆ ಇಟ್ಟು ಮಲಗಿತ್ತಲ್ಲ ಹೋದ ತಿಂಗಳು. ಪ್ಯಾಂಟಿಗೆ ಬಂದಿದ್ರಿ."

"ಅದಕ್ಕೆ ದಾಖಲೆ ಇದೆಯೇನಪ್ಪ?"

ದರ್ಜಿ ನಾಯಿಯ ಕೊರಳಿಗೆ ಕೈ ಹಾಕಿ ಹತ್ತಿರ ಎಳೆದುಕೊಂಡ. ವ್ಯಾನಿನಲ್ಲಿ ಹೋದ ನಾಯಿ ತಿರುಗಿ ಬಂದದ್ದನ್ನು ಅವನು ಕಂಡಿರಲಿಲ್ಲ.

ಕಾರ್ಯದರ್ಶಿಗಳು ನ್ಯಾಯವಂತರು. ಕಂಪ್ಯೂಟರಿನಿಂದ ಒಂದು ಪಟ್ಟಿ ತೆಗೆದುಕೊಟ್ಟರು. 'ಬುಲ್ಲಿ ವರ್ಗದ ನಾಯಿಗಳು' ಎಂದು ಮೇಲೆ ಬರೆದು, ಕೆಳಗೆ ಎಂಟು ಚಿತ್ರ, ಪಕ್ಕದಲ್ಲಿ ಎತ್ತರ ತೂಕ. ಪ್ರಿಂಟರಿನ ಶಾಯಿ ಮುಗಿಯುತ್ತ ಬಂದಿದ್ದರಿಂದ ಎಂಟು ನಾಯಿಗಳೂ ಮಂಜಿನಲ್ಲಿ ನಿಂತ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು.

ದರ್ಜಿ ಪಟ್ಟಿಯನ್ನು ಮಿಷನ್ನಿನ ಮೇಲೆ ಹರಡಿ ಕೂತ. ಅವನು ಓದಿದ್ದು ಕಡಿಮೆ. ಆದರೆ ಮೈಕಟ್ಟು ನೋಡಿ ಅಳತೆ ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನೋಡುತ್ತ ನೋಡುತ್ತ ಅವನಿಗೆ ಎಲ್ಲ ಬಟ್ಟೆಯ ಲೆಕ್ಕದಲ್ಲಿ ಅರ್ಥವಾಗತೊಡಗಿತು.

"ಬಾ ಇಲ್ಲಿ," ಎಂದು ಹೆಂಡತಿಯನ್ನು ಕರೆದ. "ಈ ಬುಲ್‌ಡಾಗ್ ನೋಡು. ಮೈ ಒಂದು ಗಜ, ಬಟ್ಟೆ ಎರಡು ಗಜ. ಮಿಕ್ಕಿದ್ದನ್ನ ಕತ್ತರಿಸದೇ ಮುಖದ ಮೇಲೆ ಮಡಿಸಿಬಿಟ್ಟಿದ್ದಾರೆ. ಫ್ರೆಂಚ್ ಬುಲ್‌ಡಾಗ್ ಇದರದೇ ಮಕ್ಕಳ ಸೈಜು, ಕಿವಿ ಮಾತ್ರ ಗಂಜಿ ಹಾಕಿ ನಿಲ್ಲಿಸಿದ ಕಾಲರು. ಬುಲ್ ಟೆರಿಯರ್‌ಗೆ ಹಣೆಯಿಂದ ಮೂಗಿನವರೆಗೆ ಒಂದೇ ಇಳಿಜಾರು, ತಲೆ ಮೊಟ್ಟೆ ಥರ."

"ಮೊಟ್ಟೆ ಮಾತು ಎತ್ತಬೇಡಿ ಇವತ್ತು," ಎಂದಳು ಹೆಂಡತಿ.

"ಬಾಕ್ಸರ್ ಎತ್ತರದ ಆಸಾಮಿ, ಕಾಲು ಉದ್ದ, ಸೊಂಟ ಸಣ್ಣ. ಅಮೇರಿಕನ್ ಬುಲ್ಲಿ ಅಂದ್ರೆ ಭುಜಕ್ಕೆ ಪ್ಯಾಡ್ ಇಟ್ಟು ಹೊಲಿದ ಕೋಟು, ಅಗಲ ಜಾಸ್ತಿ, ಎತ್ತರ ಕಡಿಮೆ. ಸ್ಟಾಫರ್ಡ್‌ಶೈರ್ ಗಿಡ್ಡ, ಬಿಗಿ ಹೊಲಿಗೆ. ಮ್ಯಾಸ್ಟಿಫ್‌ಗೆ ಎರಡು ಥಾನು ಬಟ್ಟೆ ಬೇಕು. ಈ ಪಿಟ್ ಬುಲ್ ಮೈಗೆ ಅಂಟಿದ ಅಂಗಿ, ಒಂದಿಂಚೂ ಸಡಿಲ ಇಲ್ಲ."

"ನಮ್ಮವನು ಯಾವುದು?"

ದರ್ಜಿ ಕೊರಳಿನ ಟೇಪು ತೆಗೆದ. ಕೋಟಣ್ಣ ಗಿರಾಕಿಗಳು ನಿಲ್ಲುವುದನ್ನು ದಿನಾ ನೋಡಿತ್ತು. ಎದ್ದು ಕನ್ನಡಿಯ ಮುಂದೆ ನೆಟ್ಟಗೆ ನಿಂತಿತು. ಕೊರಳು ಹದಿನೇಳು, ಎದೆ ಮೂವತ್ತಮೂರು, ಭುಜದೆತ್ತರ ಹತ್ತೊಂಬತ್ತೂವರೆ. ಹೆಂಡತಿ ಬರೆದುಕೊಂಡಳು.

"ಕಾರ್ಯದರ್ಶಿಗಳದು ಕೊರಳು ಹದಿನೈದೂವರೆ," ಎಂದ ದರ್ಜಿ, ಸ್ವಲ್ಪ ಹೆಮ್ಮೆಯಿಂದ.

ಪಟ್ಟಿಗೆ ಹೋಲಿಸಿದರೆ ಮುಖ ಬುಲ್‌ಡಾಗಿನ ಕಡೆ ವಾಲಿತು, ಕಾಲು ಬಾಕ್ಸರಿನ ಕಡೆ, ಎದೆ ಅಮೇರಿಕನ್ ಬುಲ್ಲಿಯ ಕಡೆ. ಬಾಲ ಯಾವ ಚಿತ್ರದಲ್ಲೂ ಇರಲಿಲ್ಲ. ಅದು ಮೇಲೆದ್ದು ಉಂಗುರದಂತೆ ಸುತ್ತಿಕೊಂಡಿತ್ತು. ಯಾರೋ ಉಳಿದ ತುಂಡುಗಳನ್ನೆಲ್ಲ ಸೇರಿಸಿ ಹೊಲಿದ ನಾಯಿ ಅದು.

"ಪಶುವೈದ್ಯರ ಹತ್ರ ಹೋಗಿ," ಎಂದಳು ಹೆಂಡತಿ. "ಟೇಪಿನಿಂದ ಆಗೋ ಕೆಲಸ ಅಲ್ಲ ಇದು."

ಪಶು ಆಸ್ಪತ್ರೆ ದೂರ. ಆ ನಾಯಿಯನ್ನು ಯಾವ ಆಟೋದವನೂ ಹತ್ತಿಸಿಕೊಳ್ಳಲಿಲ್ಲ. ಆಗ ಮೇಷ್ಟ್ರು ತಾವಾಗಿಯೇ, "ನನ್ನ ಕಾರಲ್ಲಿ ಬನ್ನಿ, ಹನ್ನೊಂದಕ್ಕೆ ಆ ಕಡೇನೇ ಪಾಠ ಇದೆ," ಎಂದರು. ಅವರದು ಕೆಟ್ಟ ಮನಸ್ಸಲ್ಲ. ತಮ್ಮ ಮಾತು ನಿಜವಾಗುವುದನ್ನು ಕಣ್ಣಾರೆ ನೋಡುವ ಆಸೆ, ಅಷ್ಟೇ.

ಕಾರು ಕಲಿಯಲು ಬಂದಿದ್ದವಳು ಒಬ್ಬಳು ನರ್ಸು. ಇಪ್ಪತ್ತೊಂದು ಪಾಠವಾಗಿದ್ದರೂ ಅವಳು ಸ್ಟೀರಿಂಗ್ ಹಿಡಿದರೆ ಕಾರು ರಸ್ತೆಯ ಎರಡೂ ಬದಿಯನ್ನು ವಿಚಾರಿಸಿಕೊಂಡೇ ಮುಂದೆ ಹೋಗುತ್ತಿತ್ತು. ದರ್ಜಿ ಮತ್ತು ಕೋಟಣ್ಣ ಹಿಂದೆ ಕೂತರು. ಎರಡನೇ ತಿರುವಿನಲ್ಲಿ ಕೋಟಣ್ಣ ಮುಂದಕ್ಕೆ ಬಾಗಿ ಅವಳ ಭುಜದ ಮೇಲೆ ಗದ್ದ ಊರಿತು.

"ಸಾರ್," ಎಂದಳು ನರ್ಸು, ತುಟಿ ಅಲ್ಲಾಡಿಸದೆ. "ನನ್ನ ಭುಜದ ಮೇಲೆ ಏನೋ ಬಿಸಿಯಾಗಿದೆ."

"ಅಲ್ಲಾಡಬೇಡಿ," ಎಂದರು ಮೇಷ್ಟ್ರು. "ಅದು ಪಿಟ್ ಬುಲ್."

ಅವಳು ಅಲ್ಲಾಡಲಿಲ್ಲ. ಆ ಕಾರು ಅವತ್ತು ಮೊದಲ ಸಲ ಗೆರೆ ಎಳೆದಂತೆ ನೆಟ್ಟಗೆ ಹೋಯಿತು. ಮೇಷ್ಟ್ರು ತಮ್ಮ ಕಡೆಯ ಬ್ರೇಕು ಒಂದು ಸಲವೂ ತುಳಿಯಲಿಲ್ಲ. ಬದಲಿಗೆ ಹಿಂತಿರುಗಿ ನಾಯಿಯನ್ನೇ ನೋಡುತ್ತ, ಅಂಚೆ ಕಚೇರಿ ಬಂದಾಗ, "ಬುಲ್ ಟೆರಿಯರ್ರೂ ಇರಬಹುದು," ಎಂದರು. ಪೆಟ್ರೋಲ್ ಬಂಕ್ ದಾಟಿದಾಗ, "ಬಾಕ್ಸರ್, ಬಾಕ್ಸರ್, ನಾನು ಮೊದಲೇ ಅಂದ್ಕೊಂಡೆ," ಎಂದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪಟ್ಟಿಯಲ್ಲಿದ್ದ ಎಂಟೂ ಮುಗಿದು, ಒಂದು ಕರಡಿಯೂ ಬಂದು ಹೋಗಿತ್ತು.

ಪಶುವೈದ್ಯೆ ಊಟದ ಡಬ್ಬಿ ಮುಚ್ಚಿಟ್ಟು ಬಂದರು. ಕೋಟಣ್ಣನ ತುಟಿ ಎತ್ತಿ ಹಲ್ಲು ನೋಡಿದರು, ಪಂಜ ಒತ್ತಿದರು, ಕಿವಿಯಲ್ಲಿ ದೀಪ ಬಿಟ್ಟರು. ಕೋಟಣ್ಣ ಅವರ ಮೊಣಕೈ ನೆಕ್ಕಿತು. ದರ್ಜಿ ಅಳತೆಯ ಚೀಟಿ ಕೊಟ್ಟ. ಅದನ್ನು ಓದಿ ಅವರು ಅವನನ್ನೊಮ್ಮೆ ನೋಡಿದರು.

"ಇಷ್ಟು ಸರಿಯಾಗಿ ನಮ್ಮ ಕಾಂಪೌಂಡರೂ ಅಳೆಯಲ್ಲ. ಕೂತ್ಕೊಳ್ಳಿ, ಹೇಳ್ತೀನಿ. ಒಂದು ಕಾಲದಲ್ಲಿ ಹೋರಿ ಮೇಲೆ ಬಿಡೋಕೆ ಅಂತ ಬೆಳೆಸಿದ ನಾಯಿಗಳಿದ್ವು. ಈ ನಿಮ್ಮ ಪಟ್ಟಿಯಲ್ಲಿರೋವು ಹೆಚ್ಚುಕಡಿಮೆ ಆ ಕಡೆಯ ಸಂಬಂಧದವೇ, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಇದ್ದ ಹಾಗೆ. ಮೂಗು ಒಂದೇ ಥರ ಇದ್ರೆ ಬುದ್ಧಿ ಒಂದೇ ಥರ ಇರುತ್ತಾ? ಬುಲ್‌ಡಾಗ್‌ಗೆ ನಿದ್ದೆ ಅಂದ್ರೆ ಪ್ರಾಣ. ಬಾಕ್ಸರ್ ಮುದಿಯಾದ್ರೂ ಮಗು. ಪಿಟ್ ಬುಲ್‌ನಲ್ಲೂ ಸಾಧು ನೋಡಿದ್ದೀನಿ, ಈ ಕೈಗೆ ಕಚ್ಚಿದ್ದು ಮಾತ್ರ ಅಂಗೈಯಷ್ಟಗಲದ ಮುದ್ದು ನಾಯಿ."

"ಇದು ಯಾವುದು ಡಾಕ್ಟ್ರೇ?"

"ಅಮ್ಮನ ಕಡೆ ಬುಲ್‌ಡಾಗ್ ಇರಬಹುದು, ಅಪ್ಪನ ಕಡೆ ಬಾಕ್ಸರ್ ಇರಬಹುದು. ಬಾಲ ಬೀದಿಯದು. ನೋಡಿ ಹೇಳೋದ್ರಲ್ಲಿ ನಾವೂ ತಪ್ತೀವಿ."

"ಪಿಟ್ ಬುಲ್ ಅಲ್ಲ ತಾನೇ?" ಎಂದರು ಮೇಷ್ಟ್ರು, ಕೊನೆಯ ಆಸೆ ಬಿಡದೆ.

"ಅಲ್ಲ."

ವೈದ್ಯೆ ಬರೆದುಕೊಟ್ಟರು: ಬೆರಕೆ ತಳಿ, ಆರೋಗ್ಯವಾಗಿದೆ, ಪರೀಕ್ಷಿಸಿದಾಗ ಸೌಮ್ಯವಾಗಿತ್ತು. "ಹತ್ತು ನಿಮಿಷ ನೋಡಿ ಗುಣ ಇಂಥದೇ ಅಂತ ನಾನು ಬರೆಯೋಕಾಗಲ್ಲ. ದಿನಾ ನೋಡೋರು ಇದ್ದಾರಲ್ಲ, ಅವರ ಕೈಲಿ ಬರೆಸಿ," ಎಂದರು.

ಆ ಒಂದು ಮಾತು ದರ್ಜಿಯ ತಲೆಯಲ್ಲಿ ಕೂತುಬಿಟ್ಟಿತು. ದಿನಾ ನೋಡುವವರು ಅಂದರೆ ಗಿರಾಕಿಗಳು. ಮನೆಗೆ ಬಂದವನೇ ಅಳತೆ ಪುಸ್ತಕ ತೆರೆದು ಫೋನು ಹಚ್ಚಿ ಕೂತ. ಮಧ್ಯಾಹ್ನ ಎರಡರಿಂದ ಐದರವರೆಗೆ ಅವನ ಬಾಗಿಲಲ್ಲಿ ಸಾಲು. ಅಂಗಿಯವರು, ಫ್ರಾಕಿನವರು, ಪರದೆಯವರು, ಜಿಪ್ಪು ಕಿತ್ತವರು, ಎಲ್ಲರೂ ಬಂದು ಮಿಷನ್ನಿನ ಹಲಗೆಯ ಮೇಲೆ ಕಾಗದ ಇಟ್ಟು ಬರೆದರು. ನರ್ಸು ಕೂಡ ಪಾಠ ಮುಗಿಸಿ ಬಂದು ಬರೆದಳು. ಕೋಟಣ್ಣ ಸಾಕ್ಷಿಗಾಗಿ ಒಬ್ಬೊಬ್ಬರ ಪಾದದ ಮೇಲೂ ಸ್ವಲ್ಪ ಹೊತ್ತು ಮಲಗಿತು.

ನರ್ಸಿನದು ಬಿಟ್ಟು ಗಿರಾಕಿಗಳದೇ ಹದಿಮೂರು ಕಾಗದ ಆದವು. ದರ್ಜಿಗೆ ಅದೂ ಸಾಲದಾಯಿತು. ಮೇಲೊಂದು ತನ್ನ ಕೈಬರಹದ ಪತ್ರ ಇಡಲು ಕೂತ.

"ಡಾಕ್ಟರ ಚೀಟಿ, ಇವರ ಕಾಗದ ಎಲ್ಲ ಇದೆಯಲ್ಲ," ಎಂದಳು ಹೆಂಡತಿ. "ನೀವು ಬೇರೆ ಯಾಕೆ ಬರೀತೀರಿ?"

"ಕಾರ್ಯದರ್ಶಿಗಳಿಗೆ ಬರವಣಿಗೆ ಬೇಕಂತೆ. ಹೊಟ್ಟೆ ತುಂಬಾ ಕೊಟ್ಟುಬಿಡೋಣ."

ಸಂಜೆ ಆರಕ್ಕೆ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದರು. ಮೇಷ್ಟ್ರು ಅವತ್ತು ಮಾತ್ರ ಕಾರನ್ನು ಸರಿಯಾಗಿ ನಿಲ್ಲಿಸಿದ್ದರು. ಕೋಟಣ್ಣ ನೇರವಾಗಿ ಹೋಗಿ ಕಾರ್ಯದರ್ಶಿಗಳ ಚಪ್ಪಲಿಯ ಮೇಲೆ ಗದ್ದವಿಟ್ಟು ನಿದ್ದೆಹೋಯಿತು. ಕಾರ್ಯದರ್ಶಿಗಳು ಕಾಲು ಕದಲಿಸದೆ ನಿಂತುಕೊಂಡೇ ಎಲ್ಲ ಕಾಗದಗಳನ್ನೂ ಗಟ್ಟಿಯಾಗಿ ಓದಿದರು. ಮೊದಲು ವೈದ್ಯೆಯ ಚೀಟಿ. ಆಮೇಲೆ ಉಳಿದವು.

"'ನಾನು ಎರಡು ವರ್ಷದಿಂದ ಈ ಮನೆಗೆ ಅಂಗಿ ಹೊಲಿಸಲು ಬರುತ್ತಿದ್ದೇನೆ. ನಾಯಿ ಬಂದಾಗಿನಿಂದ ಸದಾ ಮಿಷನ್ನಿನ ಕೆಳಗೆ ಮಲಗಿರುತ್ತದೆ. ಅದರ ಗೊರಕೆ ಮಿಷನ್ನಿಗಿಂತ ಜೋರು.'"

"'ನನ್ನ ಮಗಳ ಫ್ರಾಕಿನ ಗುಂಡಿ ಉರುಳಿಹೋದಾಗ ಈ ನಾಯಿ ಹುಡುಕಿ ತಂದು ಕೊಟ್ಟಿತು. ನುಂಗಲಿಲ್ಲ.'"

"'ಇದು ಭುಜದ ಮೇಲೆ ತಲೆ ಇಟ್ಟರೆ ಮಾತ್ರ ನಾನು ನೇರವಾಗಿ ಕಾರು ಓಡಿಸುತ್ತೇನೆ.'"

ಜನ ನಕ್ಕರು. ಕೊನೆಗೆ ದರ್ಜಿಯ ಪತ್ರ: "'ಮೇಲ್ಕಂಡ ಹದಿಮೂರು ಮಂದಿ ನನ್ನ ಗಿರಾಕಿಗಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಇಂಥವರು ದಿನಕ್ಕೆ ಹತ್ತು ಹನ್ನೆರಡು ಮಂದಿ ನನ್ನಲ್ಲಿಗೆ ಬಂದುಹೋಗುತ್ತಾರೆ. ಎಂಟು ತಿಂಗಳಲ್ಲಿ ಒಬ್ಬರನ್ನೂ ಕಚ್ಚಿಲ್ಲ.'"

ಆಗ ಸೈರನ್ ಅಕ್ಕ ಎದ್ದಳು. ಎಲ್ಲರೂ ಕಿವಿಯ ಕಡೆ ಕೈ ಒಯ್ದರು. ಅವಳು ಮೆಲ್ಲಗೆ ಹೇಳಿದಳು:

"ನಾನು ಹೆದರಿದ್ದು ನಿಜ. ಆದ್ರೆ ಆಮೇಲೆ ಅದು ನನ್ನ ಕಾಲ ಮೇಲೆ ಬಿದ್ದಿದ್ದ ಮೊಟ್ಟೇನೂ ನೆಕ್ಕಿತು. ಮನೆಗೆ ಹೋಗಿ ಎಣಿಸಿದೆ. ಬೆರಳು ಐದೂ ಇವೆ. ನನ್ನ ದೂರು ವಾಪಸ್."

ಕೈ ಎತ್ತಿಸಿದರು. ಎಲ್ಲ ಕೈಗಳೂ ಮೇಲೆ. ಕೋಟಣ್ಣನಿಗೆ ಈ ಕಟ್ಟಡದಲ್ಲಿ ವಾಸಿಸಲು ಅನುಮತಿ ಎಂದು ಕಾರ್ಯದರ್ಶಿಗಳು ಬರೆದು, ಮೊಹರು ಒತ್ತಿದರು. ಚಪ್ಪಾಳೆ ಬಿತ್ತು. ದರ್ಜಿ ಕಣ್ಣೊರೆಸಿಕೊಳ್ಳುವುದನ್ನು ಮರೆಮಾಡಲು ಬಗ್ಗಿ ನಾಯಿಯ ಕಿವಿ ಕೆರೆದ.

ಕಾರ್ಯದರ್ಶಿಗಳು ಮಾತ್ರ ಕೂರಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಇನ್ನೊಂದು ವಿಷಯ," ಎಂದರು. ಅವರ ದನಿ ಇಳಿದಿತ್ತು. "ನಿಯಮ ಆರು. ವಾಸದ ಮನೆಯಲ್ಲಿ ಅಂಗಡಿಯಾಗಲಿ ಕಸುಬಾಗಲಿ ನಡೆಸುವಂತಿಲ್ಲ. ನಡೆಸಿದವರು ಹತ್ತು ದಿನದೊಳಗೆ ಮನೆ ಖಾಲಿ ಮಾಡಬೇಕು. ಇಷ್ಟು ವರ್ಷ ನನಗೆ ಯಾರೂ ಬರೆದುಕೊಟ್ಟಿರಲಿಲ್ಲಪ್ಪ. ಇವತ್ತು ಹದಿಮೂರು ಜನ ಬರೆದಿದ್ದಾರೆ. ಹದಿನಾಲ್ಕನೇದು ನಿನ್ನದೇ ಕೈಬರಹ. ಸಮಯ ಸಮೇತ."

ಕೋಟಣ್ಣನ ಗೊರಕೆಯೊಂದೇ ಕೇಳುತ್ತಿತ್ತು.

"ಹರಿದು ಬಿಸಾಕಿ ಆ ಕಾಗದಗಳನ್ನ," ಎಂದರು ಮೇಷ್ಟ್ರು.

"ಹರಿಯೋಕೆ ನನಗೆ ಅಧಿಕಾರ ಇಲ್ಲ. ಇವಕ್ಕೆ ಇನ್ನೂ ತಾರೀಕು ಹಾಕಿಲ್ಲ, ಕೊಟ್ಟವನು ಬೇಕಾದ್ರೆ ವಾಪಸ್ ತಗೋಬಹುದು." ಕಾರ್ಯದರ್ಶಿಗಳು ಕಡತವನ್ನು ದರ್ಜಿಯ ಕಡೆ ಚಾಚಿದರು, ಅವನ ಎದೆಗೆ ತಾಗುವಷ್ಟು. "ತಗೊಂಡ್ರೆ ಆರನೇ ನಿಯಮಕ್ಕೆ ದಾಖಲೆ ಇಲ್ಲ. ಆದ್ರೆ ನಾಯಿಯ ಗುಣಕ್ಕೂ ದಾಖಲೆ ಉಳಿಯಲ್ಲ. ಅನುಮತಿ ರದ್ದು. ವ್ಯಾನು ಬರುತ್ತೆ."

"ನಾನು ದೂರು ವಾಪಸ್ ತಗೊಂಡೆನಲ್ಲ," ಎಂದಳು ಸೈರನ್ ಅಕ್ಕ.

"ತಾರೀಕು ಹಾಕಿಬಿಟ್ಟಿದ್ದೀನಮ್ಮ," ಎಂದರು ಕಾರ್ಯದರ್ಶಿಗಳು.

ದರ್ಜಿ ಕಡತ ನೋಡಿದ. ಕೆಳಗೆ ಚಪ್ಪಲಿಯ ಮೇಲೆ ಮಲಗಿದ್ದ ತಲೆಯನ್ನು ನೋಡಿದ. ಹೆಂಡತಿಯ ಮುಖ ನೋಡಿದ. ಅವಳು ಮಿಷನ್ನಿನ ಎಣ್ಣೆ ಅಂಟಿದ ತನ್ನ ಕೈಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ಅವನ ಕಡೆ ನೋಡದೆಯೇ ತಲೆ ಒಮ್ಮೆ ಆಡಿಸಿದಳು.

"ಇರಲಿ ಬಿಡಿ ಸಾರ್," ಎಂದ ದರ್ಜಿ. "ದಾಖಲೆಗೆ ಹೋಗಲಿ."

ರೂಮು ಹುಡುಕುವುದು ಶುರುವಾಯಿತು. ಮಿಷನ್ನು ಇಡಲು ಒಪ್ಪುವವರು ಸಿಕ್ಕರು. ನಾಯಿ ಎಂದೊಡನೆ ಬಾಗಿಲು ಹಾಕಿದರು. ಎಂಟನೇ ದಿನ ಸಂತೆ ಬೀದಿಯಲ್ಲಿ ಒಂದು ಮಳಿಗೆ, ಹಿಂದೆ ಒಂದು ಕೋಣೆ, ಒಳ್ಳೇ ಬೆಳಕು. ಮಾಲೀಕ ಚಪ್ಪಲಿ ವ್ಯಾಪಾರಿ.

"ನಾಯಿ ಬೇಡ," ಎಂದ ಅವನು. "ಯಾವ ಜಾತಿಯದೂ ಬೇಡ. ನಾನು ಚರ್ಮ ಮಾರೋನು, ಒಂದು ರಾತ್ರಿ ಸಾಕು ಅದಕ್ಕೆ."

ದರ್ಜಿ ಜೇಬಿನಿಂದ ವೈದ್ಯೆಯ ಚೀಟಿಯ ನಕಲು, ಸಂಘದ ಮೊಹರು ಬಿದ್ದ ಅನುಮತಿ, ಎಲ್ಲ ತೆಗೆದು ತೋರಿಸಿದ. ಮಾಲೀಕ ನಿಧಾನವಾಗಿ ಓದಿದ.

"ಕೊನೆಗೆ ನಾಯಿ ಅಂತಲೇ ಬರೆದಿದೆಯಲ್ಲ," ಎಂದು ಹಿಂದಕ್ಕೆ ಕೊಟ್ಟ. ಉಳಿದದ್ದು ಎರಡೇ ದಿನ, ದರ್ಜಿ ಆ ಮಳಿಗೆಗೇ ಮುಂಗಡ ಕೊಟ್ಟ.

ಒಂಬತ್ತನೇ ದಿನ ಸಂಜೆ ಸೈರನ್ ಅಕ್ಕ ಕೆಳಗಿಳಿದು ಬಂದಳು. ಕಟ್ಟಿಟ್ಟ ಗಂಟುಗಳನ್ನು ನೋಡಿದಳು. ಗಂಟಲು ಸರಿಮಾಡಿಕೊಂಡಳು.

"ಅನುಮತಿ ಸಿಕ್ಕಿರೋದು ಈ ಕಟ್ಟಡದಲ್ಲಿ ಇರೋಕೆ ತಾನೇ? ನನ್ನ ಮನೇಲಿ ಇರಲಿ. ನಾನೂ ಒಬ್ಬಳೇ. ಭಾನುವಾರ ಬಂದು ನೋಡಿ ಹೋಗಿ ಅಣ್ಣಾ."

"ಗೇಟಿನ ಪುಸ್ತಕದಲ್ಲಿ ಸಹಿ ಮಾಡಬೇಕಾಗುತ್ತೆ," ಎಂದರು ಹಿಂದೆಯೇ ಬಂದಿದ್ದ ಕಾರ್ಯದರ್ಶಿಗಳು. "ಯಾರನ್ನ ನೋಡೋಕೆ ಅಂತ ಬರೀಬೇಕು." ಆಮೇಲೆ ದನಿ ತಗ್ಗಿಸಿ, "ನನ್ನ ಬೂದು ಪ್ಯಾಂಟು ಎರಡು ಬೆರಳು ಬಿಗಿಯಾಗಿದೆ. ಮುಂದಿನ ವಾರ ಆ ಕಡೆ ಬರ್ತೀನಿ," ಎಂದರು.

ಮರುದಿನ ಬೆಳಿಗ್ಗೆ ಏಳೂವರೆಗೆ ಮೇಷ್ಟ್ರ ಕಾರಿನ ಮೇಲೆ ಮಿಷನ್ನು ಕಟ್ಟಿದರು. ಹಿಂದಿನ ರಾತ್ರಿ ಮೊದಲ ಮಳೆ ಬಿದ್ದು ಅಂಗಳ ಒದ್ದೆಯಾಗಿತ್ತು. ವಾರಸುದಾರನಿಲ್ಲದ ಕೋಟನ್ನು ದರ್ಜಿ ಮಡಚದೆ ಕೈಯಲ್ಲೇ ಹಿಡಿದುಕೊಂಡ. ಎರಡನೇ ಮಹಡಿಯ ಬಾಲ್ಕನಿಯ ಸರಳುಗಳ ನಡುವೆ ಮುಖ ತೂರಿಸಿ ಕೋಟಣ್ಣ ಕೆಳಗೆ ನೋಡಿತು. ಕಾರು ಗೇಟು ದಾಟುವಾಗ ಬಾಯಿ ಪೂರ್ತಿ ತೆರೆದು ಆಕಳಿಸಿತು. ಈ ಸಲ ಯಾರೂ ಕಿರುಚಲಿಲ್ಲ.

ಹೋದವರು ದರ್ಜಿ ಮತ್ತು ಅವನ ಹೆಂಡತಿ. ಅಂದು ಗುರುವಾರ, ಭಾನುವಾರಕ್ಕೆ ಇನ್ನೂ ಮೂರು ದಿನ.